ಬೇಲದಯ್ಯನ ಕಾವಲು

ಜೀಪು ಬೇಲದಹಟ್ಟಿಯ ಮುಳ್ಳುಬೇಲಿಯ ಹತ್ತಿರ ನಿಂತಾಗ ವಿಶೇಷಾಧಿಕಾರಿ ನಾಗರಾಜಪ್ಪನವರು ಮೊದಲು ಬೂಟು ಬಿಚ್ಚಿದರು. ಆಮೇಲೆ ಸೊಂಟದ ಬೆಲ್ಟು. ಆಮೇಲೆ ಚರ್ಮದ ಪಟ್ಟಿಯ ಕೈಗಡಿಯಾರ. ಮೂರನ್ನೂ ಜೀಪಿನ ಸೀಟಿನ ಮೇಲಿಟ್ಟು, ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು, ಕಾದ ಕಲ್ಲುಗಳ ಮೇಲೆ ಬರಿಗಾಲಲ್ಲಿ ಎಚ್ಚರದಿಂದ ಹೆಜ್ಜೆ ಇಡುತ್ತ ಬೇಲದ ಮರದ ಕಡೆಗೆ ನಡೆದರು. ಹಿಂದೆ ಗುಮಾಸ್ತ, ಅವನ ತಲೆಯ ಮೇಲೆ ಮಡಿಚುವ ಮೇಜು.

ಹಟ್ಟಿಯ ಜನಕ್ಕೆ ಇದು ಬಹಳ ಹಿಡಿಸಿತು.

"ಅಯ್ಯನ ತಾವಕ್ಕೆ ಚರ್ಮ ತರಬಾರ್ದು ಅಂತ ಯಾರೂ ಹೇಳ್ದೇನೇ ತಿಳ್ಕಂಡವ್ರೆ ನೋಡು," ಎಂದ ಯತ್ತಪ್ಪ. "ದೊಡ್ಡ ಮನುಷ್ಯರು ಅಂದ್ರೆ ಹಿಂಗಿರ್ಬೇಕು."

ಯಾರೂ ಹೇಳದೆ ತಿಳಿದುಕೊಂಡಿರಲಿಲ್ಲ. ನಾನು ಹೇಳಿದ್ದೆ. ನನ್ನ ವರದಿಯ ಅರವತ್ತಮೂರನೇ ಪುಟದಲ್ಲಿ ಬೂಟು, ಬೆಲ್ಟು, ಗಡಿಯಾರದ ಪಟ್ಟಿ, ಮೂರನ್ನೂ ಅದೇ ಕ್ರಮದಲ್ಲಿ ಬರೆದಿದ್ದೆ.

ಅದು ಎಪ್ಪತ್ತಾರರ ಮಾರ್ಚಿ ತಿಂಗಳು. ನಾನು ಬೇಲದಹಟ್ಟಿಗೆ ಮೊದಲ ಸಲ ಬಂದದ್ದು ಅದಕ್ಕೆ ಎರಡು ವರ್ಷ ಮುಂಚೆ. ಹೊಸದುರ್ಗದಿಂದ ಮಾಡದಕೆರೆಗೆ ಬಸ್ಸು, ಅಲ್ಲಿಂದ ಆರು ಮೈಲಿ ಕುರುಚಲು ಗಿಡಗಳ ನಡುವೆ ಸೈಕಲ್ಲು. ನನ್ನೂರು ಹೊಳಲ್ಕೆರೆ, ಅಪ್ಪನದು ಜವಳಿ ಅಂಗಡಿ. ನಾನು ಮಾನವಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆಂದಾಗ ಅಪ್ಪ, "ಮನುಷ್ಯರನ್ನ ಓದೋಕೆ ಮೈಸೂರಿಗೆ ಯಾಕಪ್ಪ ಹೋಗ್ಬೇಕು, ಗಲ್ಲಾದ ಮುಂದೆ ಕುಂತ್ಕ, ದಿನಕ್ಕೆ ನೂರು ಜನ ಬರ್ತಾರೆ," ಎಂದಿದ್ದರು. ನಾನು ಹೋದೆ. ಎಂ.ಎ. ಮುಗಿದ ಮೇಲೆ ಒಂದು ಸಂಶೋಧನಾ ಸಂಸ್ಥೆ ನನ್ನನ್ನು ತೆಗೆದುಕೊಂಡಿತು. ಹುಲ್ಲುಗಾವಲು ಅಭಿವೃದ್ಧಿ ಯೋಜನೆ ಎಂದೊಂದು ಆಗಷ್ಟೇ ಶುರುವಾಗಿತ್ತು. ಗೊಲ್ಲರ ಹಟ್ಟಿಗಳಲ್ಲಿ ಕೆಲಸ ಮಾಡುವ ಮೊದಲು ಅಲ್ಲಿಯ ಜನರ ರೀತಿನೀತಿ ತಿಳಿಯಬೇಕು, ಇಲ್ಲದಿದ್ದರೆ ಯೋಜನೆ ಅವರ ಮೇಲೆ ಬಿದ್ದ ಕಲ್ಲಾಗುತ್ತದೆ ಎಂದು ನಮ್ಮ ಪ್ರೊಫೆಸರು ಮೇಲಿನವರಿಗೆ ಬರೆದು ಒಪ್ಪಿಸಿದ್ದರು. ನಾನು ಅದನ್ನು ನಂಬಿದ್ದೆ. ಸೈಕಲ್ಲಿನ ಹಿಂದೆ ಟ್ರಂಕು ಕಟ್ಟಿಕೊಂಡು ಬರುವಾಗ ನನಗೆ ಒಂದು ಬಗೆಯ ಜಂಬವೂ ಇತ್ತು. ನಾನು ತಿಳಿದುಕೊಂಡರೆ ಇವರು ಉಳಿಯುತ್ತಾರೆ ಅನ್ನಿಸಿತ್ತು.

ಹಟ್ಟಿಯ ಹೊರಗಿನ ಒಂದು ಕೋಣೆಯ ಶಾಲೆಯಲ್ಲಿ ಇಳಿದುಕೊಂಡೆ. ಮೇಷ್ಟ್ರು ತಿಂಗಳಿಗೊಮ್ಮೆ ಬರುತ್ತಿದ್ದರು, ಆದ್ದರಿಂದ ಹಟ್ಟಿಯವರು ನನ್ನನ್ನೇ ಮೇಷ್ಟ್ರೇ ಎಂದು ಕರೆಯತೊಡಗಿದರು. ಮುರುಗೇಶಪ್ಪ ಅನ್ನುವ ಹೆಸರು ಟ್ರಂಕಿನ ಮುಚ್ಚಳದ ಮೇಲೆ ಮಾತ್ರ ಉಳಿಯಿತು.

ಹಟ್ಟಿಯ ಮೂಡಲಿಗೆ ಎಂಟುನೂರು ಎಕರೆ ಕಾವಲು, ದನ ಮೇಯುವ ಬಯಲು. ನೋಡುವುದಕ್ಕೆ ಏನೂ ಇಲ್ಲ: ಕೆಂಪು ಗರಸು ನೆಲ, ಬಂದರೆ ಗಿಡ, ಕಾರೆ ಮುಳ್ಳು, ಅಲ್ಲೊಂದು ಇಲ್ಲೊಂದು ಕಮರದ ಮರ, ಮಳೆ ಬಿದ್ದ ಎರಡು ತಿಂಗಳು ಮೊಣಕಾಲೆತ್ತರದ ಹುಲ್ಲು. ಕಾವಲಿನ ಬಾಯಲ್ಲಿ ಒಂದು ಬೇಲದ ಮರ, ಅದರ ಬುಡದಲ್ಲಿ ಮೂರು ಕಲ್ಲು. ಅದೇ ಬೇಲದಯ್ಯ. ಆ ಕಾವಲಿನಲ್ಲಿ ಅರವತ್ತೋ ಎಪ್ಪತ್ತೋ ದನ ಮೇಯುತ್ತಿದ್ದವು. ಅವು ದೇವರ ದನ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಕರು ಕುಡಿಯುವ ಹಾಲನ್ನು ಕರೆಯುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಕಿಲಾರಿಯ ಕೈಯಲ್ಲಿ ಒಂದು ಬಿದಿರ ಕೋಲು; ಅದನ್ನು ದನಕ್ಕೆ ಹೊಡೆಯಲು ಎತ್ತುವುದಿಲ್ಲ. ದನದ ವಿಷಯವಾಗಲಿ ಕಾವಲಿನ ವಿಷಯವಾಗಲಿ, ಹಟ್ಟಿಯ ಪರವಾಗಿ ಮಾತಾಡುವವನು ಅವನೊಬ್ಬನೇ.

ಕಿಲಾರಿ ಜುಂಜಣ್ಣನಿಗೆ ಆಗ ಅರವತ್ತರ ಸುಮಾರು. ಒಣಕಲು ಮನುಷ್ಯ, ಹೆಗಲ ಮೇಲೆ ಕರಿಕಂಬಳಿ, ಕಾಲಿನ ಹಿಮ್ಮಡಿಗಳು ಕಾವಲಿನ ನೆಲದ ಹಾಗೆಯೇ ಬಿರಿದಿದ್ದವು. ದಿನವಿಡೀ ನಾನು ಅವರ ಹಿಂದೆ ಅಲೆಯುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ.

"ಏನ್ ಬರೀತೀರ ಅಷ್ಟೊಂದು?" ಎಂದು ಒಮ್ಮೆ ಕೇಳಿದರು.

"ನೀವು ಹೇಳಿದ್ದು, ಮಾಡಿದ್ದು."

"ನಾನು ಏನೂ ಮಾಡ್ಲಿಲ್ಲವಲ್ಲ, ಬೆಳಗ್ಗಿಂದ ಕುಂತೀನಿ."

"ಅದನ್ನೇ ಬರೆದೆ."

ಅವರು ಬೊಚ್ಚುಬಾಯಲ್ಲಿ ನಕ್ಕರು. ಸಂಜೆ ಹೆಂಡತಿ ಕಾಳಕ್ಕನಿಗೆ ಹೇಳಿದರು: "ನಾನು ಕುಂತಿದ್ದಕ್ಕೂ ಇವ್ರಿಗೆ ಸಂಬಳ ಕೊಡ್ತಾರಂತೆ ಕಣೇ."

"ಕುಂತೋನಿಗೆ ಕೊಡಾಕಿಲ್ವಂತಾ?" ಎಂದಳು ಕಾಳಕ್ಕ.

ನಮ್ಮ ಶಾಸ್ತ್ರದಲ್ಲಿ ಒಂದು ಪದ್ಧತಿ ಇದೆ. ಮುಖ್ಯವಾದ ಪ್ರಶ್ನೆಯನ್ನು ಬೇರೆಬೇರೆ ಕಾಲದಲ್ಲಿ ಮೂರು ಸಲ ಕೇಳಬೇಕು. ಉತ್ತರ ಮೂರು ಸಲವೂ ಒಂದೇ ಇದ್ದರೆ ಅದು ನಿಜ. ನನ್ನ ಮುಖ್ಯ ಪ್ರಶ್ನೆ, ಈ ದನ ಮತ್ತು ಈ ಕಾವಲು ಯಾರದು ಅನ್ನುವುದು. ಮೊದಲ ಸಲ ಬಂದ ವಾರವೇ ರೊಪ್ಪದ ಹತ್ತಿರ ಕೇಳಿದೆ. ರೊಪ್ಪವೆಂದರೆ ದನಗಳನ್ನು ಕೂಡುವ ಮುಳ್ಳಿನ ಆವರಣ.

"ದನ ಬೇಲದಯ್ಯಂದು," ಎಂದರು ಜುಂಜಣ್ಣ.

"ಕಾವಲು?"

"ಅದೂ ಅಯ್ಯಂದೇ. ನಮ್ಮದಲ್ಲ."

"ನಿಮ್ಮಪ್ಪ, ನಿಮ್ಮ ತಾತ ಎಲ್ಲ ನೋಡಿಕೊಂಡವರು. ನಿಮಗೇನೂ ಹಕ್ಕಿಲ್ಲವಾ?"

"ಹಕ್ಕು ಅಂದ್ರೆ?"

ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಅಂಥಾದ್ದೇನೂ ನಮ್ಮತ್ರ ಇಲ್ಲ ಮೇಷ್ಟ್ರೇ," ಎಂದರು, ಯಾರೋ ಸಾಲ ಕೇಳಲು ಬಂದವನಿಗೆ ಹೇಳುವಂತೆ, ಬೇಸರದಿಂದ.

ಎರಡನೇ ಸಲ ನಾಲ್ಕು ತಿಂಗಳು ಬಿಟ್ಟು ಕೇಳಿದೆ. ಅದೇ ಉತ್ತರ. ಆ ದಿನ ಅವರು ತಮ್ಮ ದೊಡ್ಡತಾತ ಉಗ್ರಪ್ಪನ ಕತೆ ಹೇಳಿದರು. ಉಗ್ರಪ್ಪ ಕಿಲಾರಿಯಾಗಿದ್ದ ಕಾಲ. ಹೊಸದುರ್ಗದ ಸಂತೆಗೆ ಉಪ್ಪು ತರಲು ಹೋಗಿದ್ದ. ಅಲ್ಲಿ ಯಾರೋ ರೈತ ತನ್ನ ಹೋರಿಯನ್ನು ಹೊಗಳುತ್ತಿದ್ದ. ಉಗ್ರಪ್ಪನಿಗೆ ತಡೆಯಲಾಗಲಿಲ್ಲ. "ಹೋಗೋ, ನಮ್ಮ ಹೋರಿ ನೋಡಿಲ್ಲ ನೀನು," ಎಂದುಬಿಟ್ಟ. ಉಪ್ಪಿನ ಚೀಲ ಹೊತ್ತು ವಾಪಸು ಬಂದವನು ನೇರ ಬೇಲದ ಮರದ ಹತ್ತಿರ ಹೋಗಿ ಕೋಲು ಕೆಳಗಿಟ್ಟ. ನಮ್ಮದು ಎಂದವನು ಆ ಗಳಿಗೆಯಿಂದ ಕಿಲಾರಿಯಲ್ಲ. ರೊಪ್ಪದೊಳಗೆ ಕಾಲಿಡುವಂತಿಲ್ಲ, ದನದ ಮೈ ಮುಟ್ಟುವಂತಿಲ್ಲ. ಆಮೇಲೆ ಮೂವತ್ತು ವರ್ಷ ಬದುಕಿದನಂತೆ, ರೊಪ್ಪದಿಂದ ಇಪ್ಪತ್ತು ಮಾರು ದೂರದ ಒಂದು ಬಂಡೆಯ ಮೇಲೆ ಕೂತು.

"ಸಂತೆಯಲ್ಲಿ ಹಟ್ಟಿಯವರು ಯಾರಾದರೂ ಇದ್ದರಾ?" ಎಂದು ಕೇಳಿದೆ.

"ಯಾರೂ ಇರ್ಲಿಲ್ಲ."

"ಮತ್ತೆ ಯಾರು ಕೇಳಿಸಿಕೊಂಡರು?"

"ಅವನು ಕೇಳಿಸ್ಕಂಡಿದ್ನಲ್ಲ."

ಆ ಬಂಡೆಯನ್ನೂ ತೋರಿಸಿದರು. ನಾನು ಅದರ ಉದ್ದ ಅಗಲ ಅಳೆದುಕೊಂಡೆ. ಆಗ ಅವರ ಹತ್ತಿರ ಒಂದು ಬೂದಿಬಣ್ಣದ ಹೋರಿ ನಿಂತಿತ್ತು. ಹುಟ್ಟಿದ ಮೂರನೇ ದಿನ ತಾಯಿ ಸತ್ತ ಕರು ಅದು. ಬಟ್ಟೆಯನ್ನು ಕುರಿಯ ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದ್ದರು. ಈಗಲೂ ಅದು ಬೇರೆ ದನದ ಜೊತೆ ಸೇರದೆ ಅವರ ಕಂಬಳಿಯ ತುದಿ ನೆಕ್ಕುತ್ತ ಹಿಂದೆ ಬರುತ್ತಿತ್ತು. "ಇದುಕ್ಕೆ ಹಾಲು ಚೀಪ್ಸೋವಾಗ ಒಂದಿನ ನನ್ ಮಗನೇ ಅಂತ ಬಾಯಿಗೆ ಬಂತು ಮೇಷ್ಟ್ರೇ," ಎಂದರು ಜುಂಜಣ್ಣ, ಸುತ್ತ ನೋಡಿ, ದನಿ ಇಳಿಸಿ. "ನುಂಗ್ಕಂಡೆ."

ಮೂರನೇ ಸಲ ಹೊರಡುವ ಮುನ್ನಾದಿನ ಕೇಳಿದೆ. "ಇನ್ನೂ ಅದೇ ಕೇಳ್ತೀರಲ್ಲ, ಉತ್ತರ ಬದಲಾಗುತ್ತೇನೋ ಅಂತಾನಾ?" ಎಂದು ಕಾಳಕ್ಕ ಒಳಗಿನಿಂದ ಗದರಿದಳು. ಉತ್ತರ ಬದಲಾಗಿರಲಿಲ್ಲ. ನನಗೆ ಸಂತೋಷವಾಯಿತು.

ವರದಿಯ ಐದನೇ ಅಧ್ಯಾಯ ಪೂರ್ತಿ ಇದೇ. ಕಾವಲು ನಮ್ಮದಲ್ಲ ಅನ್ನುವುದೇ ಈ ಜನ ಅದನ್ನು ಹಿಡಿದಿಟ್ಟುಕೊಂಡಿರುವ ರೀತಿ ಎಂದು ಬರೆದೆ. ಯಾರೂ ತನ್ನದು ಅನ್ನದಿರುವುದರಿಂದ ಯಾರೂ ಮಾರಲಾರರು, ಯಾರೂ ಉತ್ತು ಕಬಳಿಸಲಾರರು ಎಂದು ಬರೆದೆ. ಕೊನೆಯ ಪುಟದಲ್ಲಿ ಉಗ್ರಪ್ಪನ ಕತೆ, ಅದರ ಕೆಳಗೆ ಕಿಲಾರಿತನದ ಕಟ್ಟಳೆಗಳು. ಪ್ರೊಫೆಸರು ಆ ಅಧ್ಯಾಯವನ್ನು ಓದಿ ಬೆನ್ನು ತಟ್ಟಿದರು. ಅದು ಬೇರೆಯಾಗಿ ಒಂದು ಪತ್ರಿಕೆಯಲ್ಲೂ ಅಚ್ಚಾಯಿತು. ಆ ಸಂಚಿಕೆಯನ್ನು ನಾನು ಬಹಳ ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ.

ನಾನು ಹಟ್ಟಿ ಬಿಟ್ಟು ವರ್ಷದ ಮೇಲಾದಾಗ ನಾಗರಾಜಪ್ಪನವರ ಕಾಗದ ಬಂತು. ಬೇಲದಹಟ್ಟಿ ಕಾವಲನ್ನು ಯೋಜನೆಗೆ ತೆಗೆದುಕೊಳ್ಳುವ ಬಗ್ಗೆ ಸ್ಥಳದಲ್ಲೇ ವಿಚಾರಣೆ ಇದೆ, ತಾವೂ ಬಂದರೆ ಜನಕ್ಕೆ ಧೈರ್ಯ, ತಮ್ಮ ವರದಿ ನಮಗೆ ದಾರಿದೀಪ ಎಂದಿತ್ತು. ಅವರನ್ನು ಹೊಸದುರ್ಗದ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಕಂಡೆ. ನಲವತ್ತರ ಆಸುಪಾಸಿನ, ಮೃದು ಮಾತಿನ ಮನುಷ್ಯ. ನನಗೆ ತಾವೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ಆಮೇಲೆ ನಕ್ಷೆ ಬಿಚ್ಚಿ ತೋರಿಸಿದರು: ಎಂಟುನೂರು ಎಕರೆಗೆ ಕಲ್ಲುಕಂಬ, ತಂತಿ. ಒಳಗೆ ಹೊರಗಿನಿಂದ ತಂದ ಹುಲ್ಲಿನ ಬೀಜ. ಆ ಹುಲ್ಲು ಪೇಟೆ ಪಕ್ಕದ ಹಳ್ಳಿಗಳಲ್ಲಿ ಹಂಚಿದ ಮಿಶ್ರತಳಿ ಹಸುಗಳಿಗೆ. ಹಟ್ಟಿಯವರಿಗೆ ಗುಂಡಿ ತೋಡುವ ಒಂದು ಬೇಸಿಗೆಯ ಕೂಲಿ. ನಕ್ಷೆಯಲ್ಲಿ ಇದೆಲ್ಲ ಹಸಿರು ಬಣ್ಣದಲ್ಲಿತ್ತು.

"ದೇವರ ದನ?" ಎಂದೆ.

"ಅವಕ್ಕೂ ಏನಾದರೂ ಮಾಡೋಣ. ಮುಂದಿನ ಹಂತದಲ್ಲಿ."

"ಸಾರ್, ಅವರು ನಮ್ಮದಲ್ಲ ಅನ್ನೋದಕ್ಕೆ ಬೇರೆ ಅರ್ಥ ಇದೆ. ಐದನೇ ಅಧ್ಯಾಯದಲ್ಲಿ..."

"ಎರಡು ಸಲ ಓದಿದೆ ರೀ. ಮನೆಯವರಿಗೂ ಓದಿ ಹೇಳಿದೆ. ಆ ಉಗ್ರಪ್ಪನ ಕತೆ ಕೇಳಿ ಅವಳ ಕಣ್ಣಲ್ಲಿ ನೀರು ಬಂತು." ಅವರ ಮಾತಿನಲ್ಲಿ ಕುಹಕವಿರಲಿಲ್ಲ. "ಅರ್ಥ ನನಗೆ ಗೊತ್ತು. ಆದರೆ ನನ್ನ ಹತ್ತಿರ ಇರೋ ನಮೂನೆಯಲ್ಲಿ ಅರ್ಥ ಬರೆಯೋ ಜಾಗ ಇಲ್ಲ, ಹೇಳಿಕೆ ಬರೆಯೋ ಜಾಗ ಇದೆ. ಮೂರು ಸಲ ಕೇಳಿದೀರಿ, ಮೂರು ಸಲ ನಮ್ಮದಲ್ಲ ಅಂದಿದಾರೆ. ನನ್ನ ಸರ್ವಿಸಿನಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದು ನೋಡಿಲ್ಲ."

"ದೇವರ ಹೆಸರಿಗೆ ಮಾಡಲಾಗುವುದಿಲ್ಲವೇ?"

"ಇನಾಮು ಕಾಗದ ಇದೆಯಾ? ಪೂಜಾರಿಗೆ ಸರ್ಕಾರ ಕೊಡೋ ತಸ್ತೀಕು? ಗುಡಿ? ಮೂರು ಕಲ್ಲು ಇವೆ. ನೀವೇ ಬರೆದಿದೀರಿ." ಅವರು ಲೋಟ ಕೆಳಗಿಟ್ಟರು. "ನಾನು ಕೆಟ್ಟವನಲ್ಲ ಮುರುಗೇಶಪ್ಪನವರೇ. ನಾಳೆ ಹಟ್ಟಿಯ ಪರವಾಗಿ ಮಾತಾಡೋ ಹಕ್ಕಿರೋನು ಒಬ್ಬ, ಒಬ್ಬನೇ ಎದ್ದು ನಿಂತು ನಮ್ಮದು ಅನ್ನಲಿ. ಫೈಲು ವಾಪಸು ಕಳಿಸ್ತೀನಿ. ನಿಯಮ ಅಂದರೆ ನಿಯಮ."

ನಾನು ಕಾಫಿಯನ್ನು ಪೂರ್ತಿ ಕುಡಿಯಲಿಲ್ಲ. ಬಾಡಿಗೆ ಸೈಕಲ್ಲು ಹಿಡಿದು ಹೊರಟೆ. ಒಂದು ಮಾತು. ಒಂದೇ ಮಾತಿನಿಂದ ಉಳಿಯುತ್ತದೆ. ದಾರಿಯುದ್ದಕ್ಕೂ ನನಗೆ ಕಂಡದ್ದು ಅದೊಂದೇ.

ಜುಂಜಣ್ಣ ಗುಡಿಸಲ ಮುಂದಿನ ಕಟ್ಟೆಯ ಮೇಲೆ ಕೂತು ಹುರಿ ಹೊಸೆಯುತ್ತಿದ್ದರು. ಈ ನಡುವೆ ಇನ್ನೂ ಒಣಗಿದ್ದರು. "ಬರ್ರಿ ಬರ್ರಿ, ಕುಂತ್ಕಳ್ರಿ. ಲೇ ಇವಳೇ, ಮೇಷ್ಟ್ರು ಬಂದವ್ರೆ, ಮಜ್ಜಿಗೆ ತಗಂಬಾ."

ನಾನು ಕೂತು ಎಲ್ಲವನ್ನೂ ಹೇಳಿದೆ. ಕಂಬ, ತಂತಿ, ಹುಲ್ಲಿನ ಬೀಜ, ನಾಳೆಯ ವಿಚಾರಣೆ. ಅವರು ಹುರಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಅವ್ರಿಗೆ ಯಾರು ಹೇಳಿದ್ರು ನಮ್ಮದಲ್ಲ ಅಂತ?" ಎಂದರು ಕೊನೆಗೆ.

"ನೀವು ನನಗೆ ಹೇಳಿದ್ರಿ. ನಾನು ಬರೆದೆ."

"ನಾನು ನಿಮಗೆ ಹೇಳಿದ್ದು."

"ಹೌದು."

ಕಾಳಕ್ಕ ಮಜ್ಜಿಗೆಯ ಚೆಂಬು ನನ್ನ ಮುಂದೆ ಕುಕ್ಕಿದಳು. "ಎಂಟು ತಿಂಗಳು ಮುದ್ದೆ ಇಕ್ಕಿದೆ ನಿಮಗೆ. ಉಂಡ್ಕಂಡು ಹೋಗಿ ಊರಿಗೆಲ್ಲ ಸಾರಿ ಬಂದ್ರಾ? ಮನೆ ಮಾತು ಅಂತ ಹೇಳಿರ್ತಾರೆ, ಅದನ್ನ ಸರ್ಕಾರಕ್ಕೆ ಬರ್ದು ಕೊಡ್ತಾರಾ ಯಾರಾದ್ರೂ?"

"ಒಳ್ಳೆಯದಾಗಲಿ ಅಂತ ಬರೆದೆ ಕಾಳಕ್ಕ."

"ಒಳ್ಳೇದು ಮಾಡೋರು ನಮ್ಮನ್ನ ಕೇಳ್ಬೇಕಿತ್ತು, ಏನ್ ಬರೀಲಿ ಅಂತ. ಅದೊಂದ್ ಬಿಟ್ಟು ಎಲ್ಲಾ ಕೇಳಿದ್ರಿ ನೀವು."

ಜುಂಜಣ್ಣನ ಕಡೆ ತಿರುಗಿದೆ. ನಾಳೆ ಸಾಹೇಬರು ಕೇಳಿದಾಗ ನೀವು ನಮ್ಮದು ಅನ್ನಬೇಕು, ಅಷ್ಟೇ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

ಹುರಿ ಹೊಸೆಯುವ ಕೈ ನಿಂತಿತು.

"ನಾನು ಹಂಗಂದ್ರೆ ಏನಾಗ್ತೈತೆ ಅಂತ ನಿಮಗೆ ಗೊತ್ತೈತೆ."

"ಗೊತ್ತಿದೆ."

"ಬಂಡೆ ಅಳ್ಕಂಡಿದ್ರಲ್ಲ ನೀವು."

"ಹೌದು."

ದನಗಳು ಕಾವಲಿನಿಂದ ಬರುವ ಹೊತ್ತು. ಬೂದಹೋರಿ ಎಲ್ಲಕ್ಕಿಂತ ಮುಂದೆ ಬಂದು ಕಟ್ಟೆಯ ಹತ್ತಿರ ನಿಂತು ಅವರ ಹೆಗಲಿನಿಂದ ಜಾರಿದ್ದ ಕಂಬಳಿಯ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಅವರು ಕಂಬಳಿಯನ್ನು ಎಳೆದುಕೊಳ್ಳಲಿಲ್ಲ.

"ಹಂಗಂದ್ರೆ ಉಳಿತೈತಾ ಮೇಷ್ಟ್ರೇ?"

"ಉಳಿಯುತ್ತದೆ," ಎಂದೆ. ಒಂದು ಕ್ಷಣವೂ ತಡೆಯಲಿಲ್ಲ. "ಸಾಹೇಬರು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದಾರೆ."

ಕಾಳಕ್ಕ ಏನೋ ಹೇಳಲು ಹೊರಟವಳು ಗಂಡನ ಮುಖ ನೋಡಿ ಒಳಗೆ ಹೋದಳು.

ಮರುದಿನ ನಾಗರಾಜಪ್ಪನವರು ಬರಿಗಾಲಲ್ಲಿ ಬೇಲದ ಮರದ ಹತ್ತಿರ ಬಂದು ಮೂರು ಕಲ್ಲಿಗೆ ಕೈಮುಗಿದರು. ಹುಂಡಿ ಇಲ್ಲವೆಂದು ತಿಳಿದು, ತಂದಿದ್ದ ಬೆಲ್ಲದ ಅಚ್ಚನ್ನು ಕಲ್ಲಿನ ಮುಂದಿಟ್ಟರು. ಅದೂ ಅರವತ್ತಮೂರನೇ ಪುಟ. ಮೇಜಿನ ಮೇಲೆ ನಮೂನೆಗಳು, ಹೆಬ್ಬೆಟ್ಟಿನ ಮಸಿಯ ಡಬ್ಬಿ, ನನ್ನ ವರದಿ. ಅದರ ಅಂಚಿನಲ್ಲಿ ಎರಡು ಮೂರು ಕಾಗದದ ಚೂರು ಗುರುತಿಗೆ ಇಟ್ಟಿದ್ದರು. ಹಟ್ಟಿಯ ನಲವತ್ತು ಜನ ನೆಲದ ಮೇಲೆ ಕೂತರು, ಹೆಂಗಸರು ಬೇಲಿಯ ಆಚೆ ನಿಂತರು. ತುರ್ತುಪರಿಸ್ಥಿತಿಯ ಆ ವರ್ಷ ಎಲ್ಲೂ ಯಾರೂ ಸರ್ಕಾರದವರ ಎದುರು ದನಿ ಎತ್ತುತ್ತಿರಲಿಲ್ಲ. ಬೇಲದಹಟ್ಟಿಯವರಿಗೆ ಅದು ಹೊಸದಾಗಿ ಕಲಿಯಬೇಕಾದ ಪಾಠವೂ ಆಗಿರಲಿಲ್ಲ.

"ನೋಡ್ರಪ್ಪ," ಎಂದರು ನಾಗರಾಜಪ್ಪ. "ಇದು ಬಹಳ ಸಣ್ಣ ಪ್ರಶ್ನೆ. ಈ ಕಾವಲು ನಮ್ಮದು ಅನ್ನೋರು ನಿಮ್ಮಲ್ಲಿ ಯಾರಾದರೂ ಇದೀರಾ? ಇದ್ದರೆ ಎದ್ದು ಹೇಳ್ರಿ. ಹೆದರಬೇಡ್ರಿ."

ಯಾರೂ ಏಳಲಿಲ್ಲ. ನಾನು ಜುಂಜಣ್ಣನನ್ನೇ ನೋಡುತ್ತಿದ್ದೆ. ಅವರು ಮುಂದಿನ ಸಾಲಿನಲ್ಲಿ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ಜುಂಜಣ್ಣ ಎದ್ದರು. ಕೋಲಿಗೆ ಊರಿಕೊಂಡು ಏಳಬಹುದಿತ್ತು. ಹಾಗೆ ಮಾಡದೆ ಕೋಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಮೊಣಕಾಲಿನ ಬಲದ ಮೇಲೆ ಎದ್ದರು. 

"ನಮ್ದು," ಎಂದರು.

ಬೇಲಿಯಾಚೆ ಒಬ್ಬ ಹೆಂಗಸು "ಅಯ್ಯೋ ಅಯ್ಯನೇ" ಎಂದು ಕೂಗಿ ಬಾಯಿಗೆ ಸೆರಗು ಹಿಡಿದಳು. ಜುಂಜಣ್ಣನ ತಮ್ಮನ ಮಗ ಯತ್ತಪ್ಪ ಎದ್ದು, "ಏ ದೊಡ್ಡಪ್ಪ, ಏನಂದೆ, ಏನಂದೆ ನೀನು," ಎಂದು ಅವರ ರಟ್ಟೆ ಹಿಡಿದ. ಜುಂಜಣ್ಣ ಅದನ್ನು ಬಿಡಿಸಿಕೊಂಡು ಈ ಸಲ ಗಟ್ಟಿಯಾಗಿ, ದೂರದಲ್ಲಿ ಯಾರೋ ಕಿವುಡರಿಗೆ ಹೇಳುವಂತೆ ಹೇಳಿದರು: "ಕಾವಲು ನಮ್ದು. ದನ ನಮ್ದು. ಬರ್ಕಳ್ರಿ ಸ್ವಾಮಿ."

ಆಮೇಲೆ ಬೇಲದ ಮರದ ಬುಡಕ್ಕೆ ಹೋಗಿ, ಬಗ್ಗಿ, ಕೋಲನ್ನು ಕಲ್ಲುಗಳ ಮುಂದೆ ಇಟ್ಟರು. ತಮ್ಮ ಜಾಗಕ್ಕೆ ವಾಪಸು ಬರದೆ ಎಲ್ಲರ ಹಿಂದೆ, ಬಿಸಿಲಿನಲ್ಲಿ ಹೋಗಿ ನಿಂತರು. ಅಲ್ಲಿಂದ ನನ್ನನ್ನು ನೋಡಿದರು. ಈಗ ನಿಮ್ಮ ಕೆಲಸ ಅನ್ನುವ ನೋಟ.

ನಾನು ಮೇಜಿನ ಹತ್ತಿರ ಹೋದೆ. ಗೆದ್ದೆವು ಅನ್ನಿಸಿತ್ತು. "ಸಾರ್, ಹಟ್ಟಿಯ ಕಿಲಾರಿ ಹೇಳಿದ್ದಾರೆ. ನೀವೇ ನಿನ್ನೆ..."

"ಕೇಳಿಸಿತು." ನಾಗರಾಜಪ್ಪನವರು ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕೊನೆಯ ಕಾಗದದ ಚೂರು ಇದ್ದಲ್ಲಿ ತೆರೆದರು. ಅವರ ಮುಖದಲ್ಲಿ ಗೆಲುವೇನೂ ಇರಲಿಲ್ಲ. ಔಷಧಿಯ ಚೀಟಿ ಓದುವ ಡಾಕ್ಟರ ಹಾಗೆ ಇದ್ದರು. ಸಣ್ಣ ದನಿಯಲ್ಲಿ ನನಗೊಬ್ಬನಿಗೇ ಓದಿದರು: "ಕಾವಲಿನ ವಿಷಯದಲ್ಲಿ ಹಟ್ಟಿಯ ಪರವಾಗಿ ಮಾತಾಡುವ ಹಕ್ಕು ಕಿಲಾರಿಯೊಬ್ಬನಿಗೇ ಇದೆ. ನಮ್ಮದು ಎಂದವನು ಹಾಗೆಂದ ಕ್ಷಣವೇ ಕಿಲಾರಿಯಾಗಿ ಉಳಿಯುವುದಿಲ್ಲ. ಇದಕ್ಕೆ ಹೊರತಾದ ಒಂದೂ ಉದಾಹರಣೆ ದೊರೆಯಲಿಲ್ಲ." ಪುಸ್ತಕ ಮುಚ್ಚಿದರು. "ಈಗ ಅವರು ಕಿಲಾರಿ ಅಲ್ಲ, ಅಲ್ವಾ? ಕೋಲು ಇಟ್ಟದ್ದನ್ನ ನಾವೆಲ್ಲ ನೋಡಿದಿವಿ. ಬಿಡಿ ಮನುಷ್ಯನೊಬ್ಬ ನನ್ನದು ಅಂದರೆ ಪಹಣಿ ತೋರಿಸಬೇಕು, ಕಂದಾಯ ರಶೀದಿ ತೋರಿಸಬೇಕು. ಇದೆಯಾ?"

ನನ್ನ ವಾಕ್ಯಗಳು. ನನ್ನ ಅರ್ಧವಿರಾಮ, ಪೂರ್ಣವಿರಾಮ. ಒಂದೂ ಉದಾಹರಣೆ ದೊರೆಯಲಿಲ್ಲ ಅನ್ನುವುದನ್ನು ಬರೆದ ದಿನ ಎಷ್ಟು ಚೆನ್ನಾಗಿದೆ ಅನ್ನಿಸಿ ಎರಡು ಸಲ ಓದಿಕೊಂಡಿದ್ದೆ. ಆಮೇಲೆ ಅದು ಅಲ್ಲಿದೆಯೆಂಬುದೇ ಮರೆತಿತ್ತು.

"ಸಾರ್, ಇದು ಅನ್ಯಾಯ. ಅದು ಅವರ ಒಳಗಿನ ಕಟ್ಟಳೆ. ಅದನ್ನು..."

"ಜನರ ಕಟ್ಟಳೆಯನ್ನ ಗೌರವಿಸಬೇಕು ಅಂತ ಮುನ್ನುಡಿಯಲ್ಲಿ ಬರೆದಿದೀರಿ," ಎಂದರು ಅವರು, ಬಹಳ ಮೃದುವಾಗಿ. "ನಾನು ಗೌರವಿಸ್ತಾ ಇದೀನಿ. ಈಗ ಇವರಿಗೆ ಕಿಲಾರಿ ಯಾರು?"

ಅದೂ ವರದಿಯಲ್ಲಿತ್ತು. ಕೋಲು ನೆಲದ ಮೇಲೆ ಉಳಿಯುವಂತಿಲ್ಲ, ಅದೇ ಮನೆತನದ ಮುಂದಿನವನು ಕೂಡಲೇ ಎತ್ತಿಕೊಳ್ಳಬೇಕು. ಯಾರೂ ಹೇಳುವ ಮೊದಲೇ ಯತ್ತಪ್ಪ ಅಳುತ್ತ ಮರದ ಬುಡಕ್ಕೆ ಹೋಗಿದ್ದ. ಮೂರು ಸಲ ಸುತ್ತು ಹಾಕಿ ಕೋಲು ಎತ್ತಿಕೊಂಡ. ಅವನಿಗೆ ಮೂವತ್ತು ವರ್ಷವೂ ಇರಲಿಲ್ಲ. ಅವನ ಕೈಯಲ್ಲಿ ಅದು ಉದ್ದವಾಗಿ ಕಾಣುತ್ತಿತ್ತು.

"ಏನಪ್ಪ ನಿನ್ನ ಹೆಸರು?" ಎಂದು ಕೇಳಿದರು ನಾಗರಾಜಪ್ಪ.

"ಯತ್ತಪ್ಪ."

"ನೀನು ಈಗ ಇಲ್ಲಿಯ ಕಿಲಾರಿಯೋ?"

"ಹೌದು ಸ್ವಾಮಿ."

"ಈ ಕಾವಲು ನಿಮ್ಮದಾ?"

ಯತ್ತಪ್ಪ ತಿರುಗಿ ತನ್ನ ದೊಡ್ಡಪ್ಪನನ್ನು ನೋಡಿದ. ನಾನೂ ನೋಡಿದೆ. ಜುಂಜಣ್ಣ ನೆಲ ನೋಡುತ್ತಿದ್ದರು. ಕಿಲಾರಿಯಲ್ಲದವನು ಕಿಲಾರಿಗೆ ಹೇಳುವುದೇನೂ ಇರುವುದಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು, ಕಾಳಕ್ಕನಿಗೂ. ಅವಳು ಬೇಲಿಯಾಚೆ ಮುಳ್ಳನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದಳು.

"ಅಲ್ಲ ಸ್ವಾಮಿ," ಎಂದ ಯತ್ತಪ್ಪ. "ಅಯ್ಯಂದು. ನಮ್ಮದಲ್ಲ."

ಗುಮಾಸ್ತ ಬರೆದುಕೊಂಡ. ಯತ್ತಪ್ಪ ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಹೆಬ್ಬೆರಳನ್ನು ಮಸಿಯ ಮೇಲೆ ಒತ್ತಿದ.

ಹೊರಡುವಾಗ ನಾಗರಾಜಪ್ಪನವರು ಬೂಟು ಹಾಕಿಕೊಳ್ಳುತ್ತ, "ನೀವೂ ಜೀಪಿನಲ್ಲೇ ಬನ್ರಿ, ಬಿಸಿಲು ಜಾಸ್ತಿ," ಎಂದರು. ನಾನು ಹೋಗಲಿಲ್ಲ. ಹೋಗದೆ ಇದ್ದುದರಿಂದ ಏನೂ ಆಗಲಿಲ್ಲ. ಹಟ್ಟಿಯಲ್ಲಿ ಆ ದಿನ ಯಾರೂ ನನ್ನನ್ನು ಬೈಯಲಿಲ್ಲ, ಕೂರು ಎನ್ನಲೂ ಇಲ್ಲ. ನಾನು ನಿಂತಿದ್ದ ಜಾಗವನ್ನು ಬಳಸಿಕೊಂಡು ಓಡಾಡಿದರು.

ಆಮೇಲೆ ಅರ್ಜಿ ಬರೆದೆ. ಚಿತ್ರದುರ್ಗಕ್ಕೆ ಎಂಟು ಸಲ ಅಲೆದೆ. ಪ್ರತಿ ಕಚೇರಿಯಲ್ಲೂ ವರದಿಯ ಪ್ರತಿ ಇತ್ತು. ಹೇಳಿಕೆ ಇದೆಯಲ್ಲ, ಕಿಲಾರಿಯ ಹೆಬ್ಬೆಟ್ಟೂ ಇದೆಯಲ್ಲ ಅನ್ನುತ್ತಿದ್ದರು. ವರದಿಯನ್ನು ಹಿಂತೆಗೆದುಕೊಳ್ಳಬೇಕೆಂದು ಪ್ರೊಫೆಸರರಿಗೆ ಬರೆದೆ. ಅದರಲ್ಲಿ ತಪ್ಪೇನಿದೆ, ಯಾವ ವಾಕ್ಯ ಸುಳ್ಳು ಹೇಳು ಎಂದು ಅವರು ಉತ್ತರಿಸಿದರು. ಎಲ್ಲ ಪುಟ ತಿರುವಿ ನೋಡಿದೆ. ಒಂದೂ ಸುಳ್ಳಿರಲಿಲ್ಲ.

ಮೇ ತಿಂಗಳ ಕೊನೆಗೆ ಕಲ್ಲುಕಂಬ ನೆಟ್ಟು ಮುಗಿಯಿತು. ಗುಂಡಿ ತೋಡಿದವರಲ್ಲಿ ಅರ್ಧ ಜನ ಬೇಲದಹಟ್ಟಿಯವರೇ. ಹಿರಿಯೂರಿನ ಕಡೆ ಇನ್ನೊಂದು ಹಟ್ಟಿಯವರು ತಮ್ಮ ಕಾವಲಿನಲ್ಲಿ ಒಂದು ಮಳೆಗಾಲದ ಮಟ್ಟಿಗೆ ದೇವರ ದನ ಬಿಟ್ಟುಕೊಳ್ಳಲು ಒಪ್ಪಿದ್ದರು. ಆ ಕಾವಲು ಯೋಜನೆಯ ಮುಂದಿನ ಪಟ್ಟಿಯಲ್ಲಿತ್ತು. ಪಟ್ಟಿಯನ್ನು ನಾನು ಕಚೇರಿಯಲ್ಲಿ ನೋಡಿದ್ದೆ. ಯತ್ತಪ್ಪನಿಗೆ ಹೇಳಲಿಲ್ಲ.

ದನ ಹೊರಡುವ ದಿನ ಬೆಳಿಗ್ಗೆ ಹೋದೆ. ಜುಂಜಣ್ಣ ಕಟ್ಟೆಯ ಮೇಲೆ ಕೂತಿದ್ದರು. ಅವರ ಕೈಗಳು ಏನು ಹಿಡಿಯಬೇಕೆಂದು ತಿಳಿಯದೆ ತೊಡೆಯ ಮೇಲೆ ಬಿದ್ದಿದ್ದವು. ನಾನು ಎದುರು ನಿಂತೆ. ಕ್ಷಮಿಸಿ ಎನ್ನಬೇಕೆಂದು ಆರು ಮೈಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

"ಉಳಿತೈತೆ ಅಂದ್ರಲ್ಲ," ಎಂದರು. ಕೋಪವಿಲ್ಲದೆ, ಲೆಕ್ಕ ತಪ್ಪಿದ್ದೆಲ್ಲಿ ಎಂದು ಕೇಳುವ ಹಾಗೆ.

"ಅಂದಿದ್ದೆ."

"ನೀವು ಅಂದಿದ್ದಕ್ಕೇ ಅಂದೆ ನಾನು."

ಒಳಗಿನಿಂದ ಕಾಳಕ್ಕ, "ಅವ್ರನ್ನ ಯಾಕೆ ನಿಲ್ಲಿಸ್ಕಂಡಿದೀಯ, ಮತ್ತೇನಾರ ಕೇಳ್ಕಂಡು ಬರ್ಕಂಡಾರು, ಕಳ್ಸು," ಎಂದಳು.

ಅಷ್ಟರಲ್ಲಿ ದನ ಬಂದವು. ಹಟ್ಟಿಯಿಂದ ಹೊರಗೆ ಹೋಗುವ ದಾರಿ ಜುಂಜಣ್ಣನ ಮನೆಯ ಮುಂದೆಯೇ. ಯತ್ತಪ್ಪ ಮುಂದೆ, ಅವನ ಹಿಂದೆ ಧೂಳು. ಜುಂಜಣ್ಣ ಕಾಲುಗಳನ್ನು ಕಟ್ಟೆಯ ಮೇಲೆ ಎತ್ತಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ದನಗಳು ಒಂದರ ಹಿಂದೆ ಒಂದು ಹೋದವು. ಬೂದಹೋರಿ ಹೋಗಲಿಲ್ಲ. ಕಟ್ಟೆಯ ಹತ್ತಿರ ಬಂದು ನಿಂತು ಕತ್ತು ಚಾಚಿತು. ಜುಂಜಣ್ಣ ಕಂಬಳಿಯನ್ನು ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡರು, ಅದರ ತುದಿಯೂ ಸೋಕದ ಹಾಗೆ.

ಯತ್ತಪ್ಪ ದೂರದಿಂದ ಕೂಗಿದ. ಹೋರಿ ಕಿವಿ ಅಲ್ಲಾಡಿಸಿತು, ಕದಲಲಿಲ್ಲ. ಕಿಲಾರಿಯ ಕೋಲು ಹೊಡೆಯಲು ಎತ್ತುವಂಥದ್ದಲ್ಲ. ಅವನು ವಾಪಸು ಬಂದು ಸುಮ್ಮನೆ ಪಕ್ಕದಲ್ಲಿ ನಿಂತ.

ಜುಂಜಣ್ಣ ಎದ್ದರು. ಗೋಡೆಗೆ ಒರಸಿಕೊಂಡೇ ಸರಿದು ಬಾಗಿಲ ತನಕ ಹೋದರು, ಬಗ್ಗಿ ಒಳಗೆ ನುಗ್ಗಿದರು. ತಟ್ಟಿಯ ಬಾಗಿಲು ಎಳೆದುಕೊಂಡ ಸದ್ದಾಯಿತು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು. "ಹೋಯ್ತಾ ಮೇಷ್ಟ್ರೇ?"

ಹೋರಿ ಬಾಗಿಲಿಗೇ ಬಂದಿತ್ತು. ತಟ್ಟಿಯ ಸಂದಿಗೆ ಮೂಗು ಹಚ್ಚಿ ನಿಂತಿತ್ತು.

"ಹೋಯಿತು," ಎಂದೆ.

ಹೋರಿಯ ಉಸಿರು ಹತ್ತು ಹೆಜ್ಜೆ ದೂರ ನಿಂತಿದ್ದ ನನಗೇ ಕೇಳಿಸುತ್ತಿತ್ತು.